ಓದುಗರ ಪ್ರಶ್ನೆಗಳು: ಕಡಿಮೆ ಬೆಲೆಯ ಗೇಮಿಂಗ್ ಮದರ್‌ಬೋರ್ಡನ್ನು ಅಳೆಯುವುದು ಹೇಗೆ?

ಮದರ್‌ಬೋರ್ಡ್ ಕುರಿತು ಬಂದಿರುವ ಪತ್ರಗಳಲ್ಲಿ ಪರಸ್ಪರ ಸಂಬಂಧವಿರುವ ಆರನ್ನು ಆಯ್ದು ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ರೈಜೆನ್ 5 5600 ಪ್ರೊಸೆಸರ್ ಮತ್ತು ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟಗಳಿಗಾಗಿ ಒಂದು ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಎ520, ಬಿ450, ಬಿ550 ಎಂಬ ಮೂರು ಬಗೆಯ ಬೋರ್ಡ್‌ಗಳನ್ನು ಅಂಗಡಿಯವರು ತೋರಿಸಿದರು. ಮೂರರ ಪೆಟ್ಟಿಗೆಯ ಮೇಲೂ ‘ಗೇಮಿಂಗ್’ ಎಂದೇ ಇದೆ. ಯಾವುದರಲ್ಲಿ ಹೆಚ್ಚು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ, ಅಂದರೆ ಚಿತ್ರಗಳ ಸಂಖ್ಯೆ) ಸಿಗುತ್ತದೆ? ಅದನ್ನು ನಾನೇ ಪರೀಕ್ಷಿಸಿ ನೋಡಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನೀವು ಹೆಸರಿಸಿರುವ ಪ್ರೊಸೆಸರ್ ಮತ್ತು ಕಾರ್ಡ್ ಜೋಡಿಗೆ ಮೂರರಲ್ಲಿ ಯಾವ ಬೋರ್ಡ್ ಹಾಕಿದರೂ ಎಫ್‌ಪಿಎಸ್ ಹೆಚ್ಚುಕಡಿಮೆ ಒಂದೇ ಬರುತ್ತದೆ. ಆಟದ ಒಂದೊಂದು ಫ್ರೇಮನ್ನೂ ಸಿದ್ಧಪಡಿಸುವ ಕೆಲಸ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳದು. ಮದರ್‌ಬೋರ್ಡ್ ಅವಕ್ಕೆ ಬೇಕಾದ ವಿದ್ಯುತ್ತನ್ನೂ ದತ್ತಾಂಶ ಓಡಾಡುವ ದಾರಿಯನ್ನೂ ಒದಗಿಸುತ್ತದೆ. ಹೀಗಾಗಿ ಅದು ತಾನಾಗಿ ವೇಗವನ್ನು ಕೂಡಿಸಲಾರದು, ಆದರೆ ಇರುವ ವೇಗವನ್ನು ಕಳೆಯಬಲ್ಲದು. ಎಲ್ಲಿ, ಯಾವಾಗ, ಎಷ್ಟು ಕಳೆಯುತ್ತದೆ ಎಂಬುದನ್ನು ಹುಡುಕುವುದೇ ಕಡಿಮೆ ಬೆಲೆಯ ಬೋರ್ಡಿನ ನಿಜವಾದ ಪರೀಕ್ಷೆ.

ಮೂರರ ನಡುವೆ ವ್ಯತ್ಯಾಸಗಳು ಇವೆ. 2018ರಲ್ಲಿ ಬಂದ ಬಿ450 ಮತ್ತು 2020ರ ಎ520 ಚಿಪ್‌ಸೆಟ್‌ನ (ಬೋರ್ಡಿನ ಸೌಲಭ್ಯಗಳನ್ನು ನಿಯಂತ್ರಿಸುವ ಚಿಪ್‌ನ) ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಪಿಸಿಐಇ (ಕಾರ್ಡ್, ಎಸ್‌ಎಸ್‌ಡಿಗಳ ದತ್ತಾಂಶ ಓಡಾಡುವ ದಾರಿ) 3.0 ಮಟ್ಟದ್ದು, 2020ರಲ್ಲೇ ಬಂದ ಬಿ550ಯಲ್ಲಿ ಕಾರ್ಡಿಗೂ ಒಂದು ಎಂ.2 ಎಸ್‌ಎಸ್‌ಡಿಗೂ 4.0 ದೊರೆಯುತ್ತದೆ. ಎ520ಯಲ್ಲಿ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ಗೊತ್ತುಪಡಿಸಿದ ವೇಗಕ್ಕಿಂತ ಮೇಲೆ ಓಡಿಸಲು, ಬರುವುದಿಲ್ಲ, ಆದರೆ ರ್‍ಯಾಮ್ ವೇಗವನ್ನು ಏರಿಸಲು ಅಡ್ಡಿಯಿಲ್ಲ. ರೈಜೆನ್ 5 5600 ತನ್ನಷ್ಟಕ್ಕೆ ತಾನೇ 4.4 ಗಿಗಾಹರ್ಟ್ಸ್‌ವರೆಗೆ ಏರುವುದರಿಂದ ಓವರ್‌ಕ್ಲಾಕ್ ಸೌಲಭ್ಯಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯ ನಿಮಗಿಲ್ಲ. 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಪಿಸಿಐಇಯ ಎಂಟು ಲೇನ್‌ಗಳನ್ನು (ದತ್ತಾಂಶದ ಪಥಗಳನ್ನು) ಬಳಸುತ್ತದೆ, 3.0 ಸ್ಲಾಟಿನಲ್ಲಿ ಕೂತರೂ ಹೆಚ್ಚಿನ ಆಟಗಳಲ್ಲಿ ಅದರ ನಷ್ಟ ಕಣ್ಣಿಗೆ ಬೀಳುವಷ್ಟಿರುವುದಿಲ್ಲ. ಈ ಪ್ರೊಸೆಸರ್ 2022ರಲ್ಲಿ ಬಂದದ್ದು, ಅಂದರೆ ಮೂರೂ ಚಿಪ್‌ಸೆಟ್‌ಗಳಿಗಿಂತ ಈಚಿನದು. ಗೋದಾಮಿನಲ್ಲಿ ಬಹುಕಾಲ ಉಳಿದ ಬೋರ್ಡಾದರೆ ಹಳೆಯ ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಇದ್ದು ಕಂಪ್ಯೂಟರ್ ಏಳದೇ ಹೋಗಬಹುದು. ಕೊಳ್ಳುವ ಮೊದಲೇ ಬಯೋಸ್ ಅಪ್‌ಡೇಟ್ ಮಾಡಿಕೊಡುವಂತೆ ಅಂಗಡಿಯಲ್ಲಿ ಕೇಳಿ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಬದಲಿಸುವ ಗುಂಡಿ ಇರುವ ಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಪರೀಕ್ಷೆಯನ್ನು ನೀವೇ ಖಂಡಿತ ಮಾಡಬಹುದು, ಆದರೆ ಕ್ರಮಬದ್ಧವಾಗಿ ಮಾಡಬೇಕು. ಮೊದಲು ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್‌ನ ಬಳಕೆಯನ್ನು ನೋಡಿ. ಆಟದ ಉದ್ದಕ್ಕೂ ಅದು ಶೇ 97–99ರಲ್ಲಿ ನಿಂತಿದ್ದರೆ ಮಿತಿ ಗ್ರಾಫಿಕ್ಸ್ ಕಾರ್ಡಿನದು. ಆಗ ಎಂತಹ ಬೋರ್ಡ್ ತಂದರೂ ಅಂಕಿ ಅಲುಗಾಡುವುದಿಲ್ಲ. ಬೋರ್ಡಿನ ಪರಿಣಾಮ ಕಾಣಬೇಕಾದರೆ ರೆಸಲ್ಯೂಶನ್ ಮತ್ತು ಚಿತ್ರದ ಗುಣಮಟ್ಟವನ್ನು ಇಳಿಸಿ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುವಂತೆ ಮಾಡಬೇಕು. ಸೈಬರ್‌ಪಂಕ್ 2077ರಂತೆ ಒಳಗೇ ಬೆಂಚ್‌ಮಾರ್ಕ್ ಇರುವ ಆಟವಾದರೆ ಪ್ರತಿ ಬಾರಿಯೂ ಒಂದೇ ದೃಶ್ಯ ಓಡುತ್ತದೆ. ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಕನಿಷ್ಠ ಮೂರು ಬಾರಿ ದಾಖಲಿಸಿಕೊಂಡು, ಸರಾಸರಿಯ ಜೊತೆಗೆ ‘1% ಲೋ’ ಎಂಬ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಅತ್ಯಂತ ನಿಧಾನವಾಗಿ ಬಂದ ಶೇಕಡಾ ಒಂದರಷ್ಟು ಫ್ರೇಮ್‌ಗಳ ವೇಗವನ್ನು ಹೇಳುವ ಅಂಕಿ ಅದು. ಸರಾಸರಿ 120 ಇದ್ದು 1% ಲೋ 45ಕ್ಕೆ ಕುಸಿಯುವ ಕಂಪ್ಯೂಟರಿಗಿಂತ, ಸರಾಸರಿ 105 ಇದ್ದು 1% ಲೋ 80 ಇರುವ ಕಂಪ್ಯೂಟರಿನಲ್ಲಿ ಆಡುವುದು ಎಷ್ಟೋ ಹಿತ. ಎರಡು ಬೋರ್ಡ್‌ಗಳ ನಡುವೆ ಒಂದೆರಡು ಶೇಕಡಾ ವ್ಯತ್ಯಾಸ ಕಂಡರೆ ಅದನ್ನು ಬೋರ್ಡಿನ ಗುಣವೆಂದು ಬಗೆಯಬೇಡಿ. ಅದೇ ಬೋರ್ಡನ್ನು ಮತ್ತೊಮ್ಮೆ ಪರೀಕ್ಷಿಸಿದರೂ ಅಷ್ಟು ಏರಿಳಿತ ಬರುತ್ತದೆ.

ಮೂರರಲ್ಲಿ ಯಾವುದಾದರೂ ಸಾಕೆಂದಾದರೆ ನನ್ನ ಆಯ್ಕೆ ಬಿ550. ಮುಂದೆ ಗ್ರಾಫಿಕ್ಸ್ ಕಾರ್ಡ್ ಬದಲಿಸುವಾಗ 4.0 ಸ್ಲಾಟ್ ನಿಮ್ಮ ನೆರವಿಗೆ ಬರುತ್ತದೆ. ಆದರೆ ಆ ಹೆಚ್ಚುವರಿ ಹಣದಿಂದಾಗಿ 16 ಜಿಬಿ ರ್‍ಯಾಮ್ 8ಕ್ಕೆ ಇಳಿಯುವುದಾದರೆ ಎ520 ಕೊಂಡು ರ್‍ಯಾಮ್ ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ಬಳಿ ಅಗ್ಗದ ಬಿ450 ಬೋರ್ಡಿನಲ್ಲಿ ರೈಜೆನ್ 7 5800ಎಕ್ಸ್ ಇದೆ, ಲಿಕ್ವಿಡ್ ಕೂಲರ್ ಹಾಕಿದ್ದೇನೆ. ಚಳಿಗಾಲದಲ್ಲಿ ಎಲ್ಲವೂ ಸರಿ ಇರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನ ಒಂದು ಗಂಟೆ ಆಡಿದ ಮೇಲೆ ಎಫ್‌ಪಿಎಸ್ ಒಮ್ಮೆಲೇ ಬಿದ್ದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಯಾಗುತ್ತದೆ. ಪ್ರೊಸೆಸರಿನ ಉಷ್ಣಾಂಶ 75 ಡಿಗ್ರಿ ದಾಟುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎನ್ನುತ್ತಾರೆ. ನಿಜವೇ?
— ಓದುಗರು, ಕಲಬುರಗಿ

ಉತ್ತರ: ಕಾರ್ಡ್ ಬದಲಿಸಲು ಹಣ ಖರ್ಚು ಮಾಡುವ ಮೊದಲು ಬೋರ್ಡಿನ ವಿಆರ್‌ಎಂ ಭಾಗವನ್ನು ಪರೀಕ್ಷಿಸಿ. ನೀವು ವಿವರಿಸಿರುವ ಲಕ್ಷಣಗಳೆಲ್ಲ ಅದರತ್ತಲೇ ಬೊಟ್ಟು ಮಾಡುತ್ತಿವೆ.

ಪವರ್ ಸಪ್ಲೈನಿಂದ ಬರುವ 12 ವೋಲ್ಟ್ ವಿದ್ಯುತ್ತನ್ನು ಪ್ರೊಸೆಸರಿಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸಿ ಕೊಡುವುದು ವಿಆರ್‌ಎಂ. ಪ್ರೊಸೆಸರ್ ಸಾಕೆಟ್ಟಿನ ಎಡಬದಿಯಲ್ಲೂ ಮೇಲ್ಬದಿಯಲ್ಲೂ ಸಾಲಾಗಿ ಕೂತಿರುವ ಮಾಸ್‌ಫೆಟ್, ಚೋಕ್ ಮತ್ತು ಕೆಪಾಸಿಟರ್‌ಗಳೇ ಅದರ ಅಂಗಗಳು. ನಿಮ್ಮ 5800ಎಕ್ಸ್ ಪೆಟ್ಟಿಗೆಯ ಮೇಲೆ 105 ವ್ಯಾಟ್ ಎಂದಿದ್ದರೂ ಅದು ಸಾಕೆಟ್‌ನಿಂದ ಗರಿಷ್ಠ 142 ವ್ಯಾಟ್‌ವರೆಗೆ ಎಳೆಯಬಲ್ಲದು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಆ ಶಕ್ತಿ ಹರಿಯಬೇಕಾದರೆ 100 ಆ್ಯಂಪಿಯರ್‌ಗೂ ಹೆಚ್ಚು ಕರೆಂಟ್ ಬೇಕು. ರೈಜೆನ್ 5 5600ಗೆ ಇದೇ ಮಿತಿ 76 ವ್ಯಾಟ್. ಕರೆಂಟ್ ಇಮ್ಮಡಿಯಾದರೆ ಮಾಸ್‌ಫೆಟ್‌ನ ರೋಧದಿಂದ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿದಾಗ ಊರಿನ ಟಿಸಿ ಹೇಗೆ ಕಾಯುತ್ತದೋ ಹಾಗೆಯೇ, ಆರು ಕೋರ್‌ಗಳಿಗೆಂದು ಲೆಕ್ಕ ಹಾಕಿ ಮಾಡಿದ ಅಗ್ಗದ ವಿಆರ್‌ಎಂ ಎಂಟು ಕೋರ್‌ಗಳ ಭಾರಕ್ಕೆ ಕಾಯುತ್ತದೆ. ಅದರ ಉಷ್ಣಾಂಶ ಮಿತಿ ಮುಟ್ಟಿದ ಕೂಡಲೇ, ತಾನು ಸುಡದಿರಲೆಂದು, ಬೋರ್ಡ್ ಪ್ರೊಸೆಸರಿಗೆ ವೇಗ ಇಳಿಸುವಂತೆ ಸಂಕೇತ ಕಳಿಸುತ್ತದೆ. ಪ್ರೊಸೆಸರ್ ತಂಪಾಗಿದ್ದರೂ ಎಫ್‌ಪಿಎಸ್ ಬೀಳುವುದು ಹೀಗೆ.

ಇಲ್ಲಿ ನಮ್ಮ ಹವೆಯ ಪಾತ್ರ ದೊಡ್ಡದು. ವಿದೇಶದ ಪರೀಕ್ಷಕರು ಬೋರ್ಡ್‌ಗಳ ಉಷ್ಣಾಂಶ ಅಳೆಯುವುದು ಸಾಮಾನ್ಯವಾಗಿ 20–25 ಡಿಗ್ರಿಯ ಕೋಣೆಯಲ್ಲಿ, ಹಲವು ಬಾರಿ ಕ್ಯಾಬಿನೆಟ್ ಇಲ್ಲದೆ ತೆರೆದ ಮೇಜಿನ ಮೇಲೆ. ವಿಆರ್‌ಎಂ ಎಷ್ಟು ಬಿಸಿಯಾಗುತ್ತದೆ ಎಂಬುದು ಸುತ್ತಲ ಗಾಳಿಯ ಉಷ್ಣಾಂಶದ ಮೇಲೆ ಕೂಡಿಕೊಳ್ಳುವ ಲೆಕ್ಕ. 22 ಡಿಗ್ರಿಯ ಕೋಣೆಯಲ್ಲಿ 85 ಮುಟ್ಟಿದ ಬೋರ್ಡ್, 40 ಡಿಗ್ರಿಯ ಕೋಣೆಯಲ್ಲಿ 103ನ್ನು ಮುಟ್ಟುತ್ತದೆ. ಬಿಸಿಯಾದಂತೆಲ್ಲ ಮಾಸ್‌ಫೆಟ್‌ನ ರೋಧ ಹೆಚ್ಚುವುದರಿಂದ ವಾಸ್ತವದಲ್ಲಿ ಇನ್ನೂ ತುಸು ಮೇಲೆಯೇ ಹೋಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಓದುಗರು ಯಾವುದೇ ವಿಮರ್ಶೆ ಓದುವಾಗಲೂ ಪರೀಕ್ಷೆ ನಡೆದ ಕೋಣೆಯ ಉಷ್ಣಾಂಶವನ್ನು ಮೊದಲು ಹುಡುಕಬೇಕು, ತಮ್ಮ ಕೋಣೆಯ ವ್ಯತ್ಯಾಸವನ್ನು ಅದಕ್ಕೆ ಕೂಡಿಸಿಕೊಳ್ಳಬೇಕು. ಕೋಣೆಯ ಉಷ್ಣಾಂಶವನ್ನೇ ಹೇಳದ ವಿಮರ್ಶೆಯ ಅಂಕಿಗಳಿಂದ ನಮ್ಮ ಬಿಸಿಲು ನಾಡಿನವರಿಗೆ ಪ್ರಯೋಜನ ಕಡಿಮೆ.

ನಿಮ್ಮ ಲಿಕ್ವಿಡ್ ಕೂಲರ್ ಕೂಡ ಇದಕ್ಕೆ ಪರೋಕ್ಷ ಕಾರಣವಾಗಿರಬಹುದು. ಪ್ರೊಸೆಸರ್ ಮೇಲೆ ಕೂತು ಕೆಳಮುಖವಾಗಿ ಗಾಳಿ ಬೀಸುವ ಸಾಧಾರಣ ಫ್ಯಾನ್, ಸುತ್ತಲಿನ ವಿಆರ್‌ಎಂಗೂ ಗಾಳಿ ತಾಗಿಸುತ್ತದೆ. ಲಿಕ್ವಿಡ್ ಕೂಲರಿನ ಫ್ಯಾನ್‌ಗಳು ಕ್ಯಾಬಿನೆಟ್ಟಿನ ಅಂಚಿನಲ್ಲಿರುವುದರಿಂದ ಸಾಕೆಟ್ಟಿನ ಸುತ್ತ ಗಾಳಿ ನಿಂತುಬಿಡುತ್ತದೆ.

ಖಚಿತಪಡಿಸಿಕೊಳ್ಳುವ ಬಗೆ ಹೀಗಿದೆ. ಕ್ಯಾಬಿನೆಟ್ ಮುಚ್ಚಿಟ್ಟು, ಬಿಸಿಲು ಹೆಚ್ಚಿರುವ ಮಧ್ಯಾಹ್ನದಲ್ಲೇ, ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23 ತಂತ್ರಾಂಶವನ್ನು ಅರ್ಧ ಗಂಟೆ ಸತತವಾಗಿ ಓಡಿಸಿ. ಪಕ್ಕದಲ್ಲಿ ಬಿಡಿಭಾಗಗಳ ಉಷ್ಣಾಂಶ, ವೇಗಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ64 ತೆರೆದಿರಲಿ. ಅದರಲ್ಲಿ ‘ಎಫೆಕ್ಟಿವ್ ಕ್ಲಾಕ್’ (ಪ್ರೊಸೆಸರ್ ನಿಜವಾಗಿ ಓಡುತ್ತಿರುವ ವೇಗ) ಎಂಬ ಸಾಲನ್ನು ಮೊದಲ ನಿಮಿಷದಲ್ಲೂ ಕೊನೆಯ ನಿಮಿಷದಲ್ಲೂ ಗುರುತು ಹಾಕಿಕೊಳ್ಳಿ. ‘ಥರ್ಮಲ್ ಥ್ರಾಟ್ಲಿಂಗ್ (ಪ್ರೊಕ್‌ಹಾಟ್ ಎಕ್ಸ್‌ಟ್)’ ಎಂಬ ಸಾಲಿನಲ್ಲಿ ‘ಯೆಸ್’ ಎಂದು ಬಂದರೆ, ವೇಗ ಇಳಿಸಿದ್ದು ಪ್ರೊಸೆಸರ್ ಅಲ್ಲ, ಹೊರಗಿನಿಂದ ಬಂದ ಸಂಕೇತ ಎಂದರ್ಥ. ‘ಎಂಒಎಸ್’ ಅಥವಾ ‘ವಿಆರ್‌ಎಂ’ ಹೆಸರಿನ ಉಷ್ಣಾಂಶವೂ ಅಲ್ಲಿ ಕಾಣಬಹುದು. ತೀರ ಅಗ್ಗದ ಬೋರ್ಡ್‌ಗಳಲ್ಲಿ ಆ ಸೆನ್ಸರ್ ಇರುವುದಿಲ್ಲ, ಆಗ ವೇಗದ ಕುಸಿತವೇ ಸಾಕ್ಷಿ.

ಪರಿಹಾರಕ್ಕೆ ಹೊಸ ಬೋರ್ಡೇ ಬೇಕೆಂದಿಲ್ಲ. ಬಯೋಸ್‌ನಲ್ಲಿ 65 ವ್ಯಾಟಿನ ‘ಇಕೋ ಮೋಡ್’ ಆರಿಸಿಕೊಂಡರೆ ಪ್ರೊಸೆಸರ್ 88 ವ್ಯಾಟ್‌ಗಿಂತ ಹೆಚ್ಚು ಎಳೆಯುವುದಿಲ್ಲ. ವಿಡಿಯೊ ಎನ್‌ಕೋಡಿಂಗ್‌ನಂತಹ ಕೆಲಸ ನಿಧಾನವಾದರೂ ಆಟಗಳಲ್ಲಿ ನಷ್ಟ ಅತ್ಯಲ್ಪ. ಜೊತೆಗೆ ವಿಆರ್‌ಎಂ ಮೇಲೆ ನೇರವಾಗಿ ಗಾಳಿ ಬೀಳುವಂತೆ ಒಂದು ಸಣ್ಣ ಫ್ಯಾನ್ ಕೂರಿಸಿ. ಇವೆರಡರಿಂದಲೂ ಕುಸಿತ ನಿಲ್ಲದಿದ್ದರೆ ಮಾತ್ರ ಮಾಸ್‌ಫೆಟ್‌ಗಳ ಮೇಲೆ ದಪ್ಪನೆಯ ಹೀಟ್‌ಸಿಂಕ್ ಇರುವ ಬೋರ್ಡನ್ನು ನೋಡಿ. ಆಗಲೂ ಪೆಟ್ಟಿಗೆಯ ಮೇಲಿನ ‘ಫೇಸ್’ (ವಿಆರ್‌ಎಂನಲ್ಲಿ ಭಾರವನ್ನು ಹಂಚಿಕೊಳ್ಳುವ ಘಟಕ) ಸಂಖ್ಯೆಯನ್ನು ನಂಬಿ ಕೊಳ್ಳಬೇಡಿ. ಒಂದೇ ಸಂಕೇತವನ್ನು ಎರಡು ಜೋಡಿ ಮಾಸ್‌ಫೆಟ್‌ಗಳಿಗೆ ಹಂಚಿ, ನಾಲ್ಕು ಫೇಸನ್ನೇ ಎಂಟು ಎಂದು ಬರೆಯುವ ರೂಢಿ ಈ ಉದ್ಯಮದಲ್ಲಿದೆ. ಒಳ್ಳೆಯ ಬಿಡಿಭಾಗಗಳ ನಾಲ್ಕು ಫೇಸ್, ಸಾಧಾರಣ ಬಿಡಿಭಾಗಗಳ ಎಂಟಕ್ಕಿಂತ ತಂಪಾಗಿರಬಲ್ಲದು.

ಪ್ರಶ್ನೆ: ಎಚ್610 ಬೋರ್ಡಿಗೆ 3600 ವೇಗದ ಡಿಡಿಆರ್4 ರ್‍ಯಾಮ್ ಹಾಕಿದ್ದೇನೆ, 8 ಜಿಬಿಯ ಎರಡು ಸ್ಟಿಕ್. ಕಂಪ್ಯೂಟರಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಎಂದು ಬರುತ್ತದೆ. ಜೊತೆಗೆ, ನನ್ನದೇ ಐ5-12400ಎಫ್ ಇರುವ ಗೆಳೆಯನ ಬಿ660 ಬೋರ್ಡಿನಲ್ಲಿ ಸಿನೆಬೆಂಚ್ ಅಂಕ ನನಗಿಂತ ಹೆಚ್ಚು ಬರುತ್ತದೆ. ನನ್ನ ಬೋರ್ಡ್ ದೋಷಪೂರಿತವೇ?
— ಓದುಗರು, ಶಿವಮೊಗ್ಗ

ಉತ್ತರ: ದೋಷವಿಲ್ಲ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಬಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗಿಸುವುದರಿಂದ ಸಿಪಿಯು-ಝಡ್‌ನ 1600 ಎಂದರೆ ಪೆಟ್ಟಿಗೆಯ ಲೆಕ್ಕದಲ್ಲಿ 3200. ಎಚ್610 ಚಿಪ್‌ಸೆಟ್‌ನಲ್ಲಿ ರ್‍ಯಾಮನ್ನು ಓವರ್‌ಕ್ಲಾಕ್ ಮಾಡಲು ಅವಕಾಶವಿಲ್ಲ. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಗೊತ್ತುಪಡಿಸಿದ ಡಿಡಿಆರ್4 ವೇಗವೂ 3200. ಹಾಗಾಗಿ ಈ ಬೋರ್ಡಿನಲ್ಲಿ ದೊರೆಯಬಹುದಾದ ಗರಿಷ್ಠ ವೇಗ ನಿಮಗೆ ಈಗಾಗಲೇ ದೊರೆತಿದೆ. 1333 ಅಥವಾ 1066 ಎಂದು ತೋರಿಸಿದ್ದರೆ ಬಯೋಸ್‌ಗೆ ಹೋಗಿ ಸರಿಪಡಿಸಬೇಕಿತ್ತು. ಎರಡು ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಮಾಡಿಕೊಂಡದ್ದು ಬಹಳ ಒಳ್ಳೆಯ ನಿರ್ಧಾರ. 16 ಜಿಬಿಯ ಒಂದೇ ಸ್ಟಿಕ್ ಹಾಕಿದ್ದರೆ ಮೆಮೊರಿಯ ದಾರಿ ಅರ್ಧಕ್ಕಿಳಿದು, 3200–3600ರ ವ್ಯತ್ಯಾಸಕ್ಕಿಂತ ಬಹಳ ಹೆಚ್ಚು ಪೆಟ್ಟು 1% ಲೋ ಅಂಕಿಗೆ ಬೀಳುತ್ತಿತ್ತು.

ಸಿನೆಬೆಂಚ್ ವ್ಯತ್ಯಾಸಕ್ಕೆ ಕಾರಣ ವಿದ್ಯುತ್ ಮಿತಿ ಇದ್ದೀತು. ಐ5-12400ಎಫ್‌ನ ಮೂಲ ಮಿತಿ 65 ವ್ಯಾಟ್, ಅಲ್ಪಾವಧಿಯ ಮಿತಿ 117 ವ್ಯಾಟ್. ಕೆಲವು ಬೋರ್ಡ್‌ಗಳು 28 ಸೆಕೆಂಡುಗಳ ಬಳಿಕ 65ಕ್ಕೆ ಇಳಿಸುತ್ತವೆ, ಇನ್ನು ಕೆಲವು ಮೇಲಿನ ಮಿತಿಯಲ್ಲೇ ಓಡಲು ಬಿಡುತ್ತವೆ. ಹತ್ತು ನಿಮಿಷ ಎಲ್ಲ ಕೋರ್‌ಗಳನ್ನೂ ದುಡಿಸುವ ಸಿನೆಬೆಂಚ್‌ನಲ್ಲಿ ಇದು ಎದ್ದು ಕಾಣುತ್ತದೆ, ಆಟಗಳಲ್ಲಿ ಬಹುತೇಕ ಕಾಣುವುದಿಲ್ಲ, ಏಕೆಂದರೆ ಆಡುವಾಗ ಈ ಪ್ರೊಸೆಸರ್ ಸಾಮಾನ್ಯವಾಗಿ 65 ವ್ಯಾಟಿನ ಆಸುಪಾಸಿನಲ್ಲೇ ಇರುತ್ತದೆ. ಬಯೋಸ್‌ನಲ್ಲಿ ‘ಪಿಎಲ್1’ (ಮೇಲೆ ಹೇಳಿದ 65 ವ್ಯಾಟಿನ ಮೂಲ ಮಿತಿ) ಮಿತಿಯನ್ನು ಏರಿಸುವ ಆಯ್ಕೆ ಇದ್ದರೆ ಏರಿಸಿ ನೋಡಿ. ಬೋರ್ಡಿಗೆ ಹೀಟ್‌ಸಿಂಕ್ ಇಲ್ಲದಿದ್ದರೆ ಹಾಗೆಯೇ ಬಿಡಿ. ಆದರೆ ಇದೇ ಬೋರ್ಡಿಗೆ ಮುಂದೆ ಐ7-12700ಎಫ್ ಹಾಕುವ ಯೋಚನೆಯನ್ನು ಇಟ್ಟುಕೊಳ್ಳಬೇಡಿ. ಅದರ ಅಲ್ಪಾವಧಿಯ ಮಿತಿ 180 ವ್ಯಾಟ್; ಸಾಕೆಟ್ ಒಪ್ಪಿಕೊಂಡರೂ ಅಗ್ಗದ ಎಚ್610ನ ವಿಆರ್‌ಎಂ ಆ ಭಾರವನ್ನು ಬಹುಹೊತ್ತು ತಾಳುವುದಿಲ್ಲ.

ಪ್ರಶ್ನೆ: ಪಿಸಿಐಇ 4.0 ಬೇಕೆಂದೇ ಬಿ550 ಬೋರ್ಡ್ ಕೊಂಡೆ. ರೈಜೆನ್ 5 5500 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಿದ್ದೇನೆ. ಆದರೆ ಕಾರ್ಡಿನ ವಿವರ ಕೊಡುವ ಜಿಪಿಯು-ಝಡ್ ತಂತ್ರಾಂಶ 3.0 ಎಂದೇ ತೋರಿಸುತ್ತಿದೆ, ದೊಡ್ಡ ಆಟಗಳು ತಡವರಿಸುತ್ತವೆ.
— ಓದುಗರು, ಹಾಸನ

ಉತ್ತರ: ಈ ವಿಷಯವನ್ನು ಮಾರುವವರು ಬಿಡಿಸಿ ಹೇಳಬೇಕಿತ್ತು. ಬಿ550ಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಲೇನ್‌ಗಳು ಬರುವುದು ಚಿಪ್‌ಸೆಟ್‌ನಿಂದಲ್ಲ, ಪ್ರೊಸೆಸರ್‌ನಿಂದ. ರೈಜೆನ್ 5 5600ರಲ್ಲಿ 4.0 ಇದೆ. ಹೆಸರಿನಲ್ಲಿ ಅದರ ಪಕ್ಕದಲ್ಲೇ ಇರುವ 5500 ಬೇರೆ ಬಗೆಯ ಚಿಪ್‌ನಿಂದ ಮಾಡಿದ್ದು, ಅದರಲ್ಲಿರುವುದು 3.0 ಮಾತ್ರ, 5600ಜಿ ಕೂಡ ಹಾಗೆಯೇ. ಬೋರ್ಡ್ ಎಷ್ಟೇ ಒಳ್ಳೆಯದಾದರೂ ಇದು ಬದಲಾಗದು.

ಬೇರೆ ಕಾರ್ಡ್ ಆಗಿದ್ದರೆ ಇದನ್ನು ಮರೆತುಬಿಡಿ ಎನ್ನುತ್ತಿದ್ದೆ. ಆದರೆ 2022ರ ಜನವರಿಯಲ್ಲಿ ಬಂದ 6500 ಎಕ್ಸ್‌ಟಿಗೆ ಇರುವುದು ನಾಲ್ಕೇ ಲೇನ್, ಅದರ ಸ್ವಂತ ಮೆಮೊರಿ 4 ಜಿಬಿ. 4.0ರಲ್ಲಿ ನಾಲ್ಕು ಲೇನ್ ಸೇರಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸಿದರೆ, 3.0ರಲ್ಲಿ ಸುಮಾರು 4 ಜಿಬಿ ಅಷ್ಟೇ. ಆಟದ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈ ಚಿತ್ರಗಳು) 4 ಜಿಬಿಯನ್ನು ಮೀರಿದ ಕೂಡಲೇ ಕಾರ್ಡ್ ಅವನ್ನು ಕಂಪ್ಯೂಟರಿನ ರ್‍ಯಾಮ್‌ನಿಂದ ಈ ಕಿರಿದಾದ ದಾರಿಯಲ್ಲೇ ಮತ್ತೆ ಮತ್ತೆ ತರಿಸಿಕೊಳ್ಳಬೇಕಾಗುತ್ತದೆ. ನೀವು ಕಾಣುತ್ತಿರುವ ತಡವರಿಕೆ ಅದೇ. ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿ, ವಿಡಿಯೊ ಮೆಮೊರಿ ಬಳಕೆ ಮೂರೂವರೆ ಜಿಬಿಯೊಳಗೆ ಇರುವಂತೆ ನೋಡಿಕೊಳ್ಳಿ, ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಹಣ ಹಾಕುವುದೇ ಆದರೆ ಪ್ರೊಸೆಸರ್ ಬದಲಿಸುವುದಕ್ಕಿಂತ 8 ಜಿಬಿಯ ಕಾರ್ಡಿಗೆ ಹಾಕಿ. ಜಿಪಿಯು-ಝಡ್ ನೋಡುವಾಗ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಕಾರ್ಡಿಗೆ ಕೆಲಸ ಕೊಟ್ಟೇ ನೋಡಬೇಕು, ಸುಮ್ಮನಿದ್ದಾಗ ಕಾರ್ಡ್ ವಿದ್ಯುತ್ ಉಳಿಸಲು ಸಂಪರ್ಕದ ವೇಗವನ್ನು ತಾನೇ ಇಳಿಸಿಕೊಂಡಿರುತ್ತದೆ.

ಪ್ರಶ್ನೆ: ಬಿ450 ಬೋರ್ಡಿನಲ್ಲಿ ವಿಂಡೋಸ್ 11 ಹಾಕಿದಾಗಿನಿಂದ ದಿನಕ್ಕೆ ಎರಡು ಮೂರು ಸಲ ಆಟ ಒಂದೆರಡು ಸೆಕೆಂಡು ನಿಂತು, ಶಬ್ದವೂ ಒಡೆದಂತೆ ಕೇಳಿ, ಮತ್ತೆ ಸರಿಯಾಗುತ್ತದೆ. ಉಷ್ಣಾಂಶಗಳೆಲ್ಲ ಸರಿ ಇವೆ.
— ಓದುಗರು, ಮೈಸೂರು

ಉತ್ತರ: ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯನ್ನು ಎಎಂಡಿ ಬೋರ್ಡ್‌ಗಳು ಬಯೋಸ್ ಚಿಪ್‌ನ ಸಹಾಯದಿಂದ ನಡೆಸುತ್ತವೆ. ಆ ಚಿಪ್‌ನೊಂದಿಗಿನ ವ್ಯವಹಾರ ಕೆಲವೊಮ್ಮೆ ದೀರ್ಘವಾಗಿ, ಇಡೀ ಕಂಪ್ಯೂಟರ್ ಕ್ಷಣಕಾಲ ತಡವರಿಸುತ್ತದೆ ಎಂಬುದನ್ನು ಎಎಂಡಿ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡು, ಎಜೆಸಾ (ಬಯೋಸ್ ಒಳಗಿನ ಎಎಂಡಿಯ ಮೂಲ ತಂತ್ರಾಂಶ) 1.2.0.7 ಆವೃತ್ತಿಯಿಂದ ಅದನ್ನು ಸರಿಪಡಿಸಿತು. ನಿಮ್ಮ ಬೋರ್ಡಿನ ತಯಾರಕರ ತಾಣದಲ್ಲಿ ಆ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಒಳಗೊಂಡ ಬಯೋಸ್ ಹುಡುಕಿ ಹಾಕಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಬಳಸುತ್ತಿದ್ದರೆ ಅಪ್‌ಡೇಟ್‌ಗೆ ಮೊದಲು ಅದನ್ನು ತಡೆಹಿಡಿದು, ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ. ತಯಾರಕರು ಎಷ್ಟು ವರ್ಷ ಬಯೋಸ್ ಅಪ್‌ಡೇಟ್ ಕೊಡುತ್ತಾರೆ ಎಂಬುದೂ ಬೋರ್ಡಿನ ಗುಣಮಟ್ಟದ ಭಾಗವೆಂದೇ ನಾನು ಎಣಿಸುತ್ತೇನೆ.

ಪ್ರಶ್ನೆ: ‘ಐ7 ಗೇಮಿಂಗ್ ಸೆಟ್, 16 ಜಿಬಿ ರ್‍ಯಾಮ್, ಹೊಸ ಮದರ್‌ಬೋರ್ಡ್’ ಎಂದು ಬಹಳ ಕಡಿಮೆ ಬೆಲೆಗೆ ಜಾಹೀರಾತು ಬರುತ್ತದೆ. ಮಗನಿಗೆ ಕೊಡಿಸಬಹುದೇ? ಅಥವಾ ಅದೇ ಹಣಕ್ಕೆ ಸೆಕೆಂಡ್ ಹ್ಯಾಂಡ್ ಬೋರ್ಡ್ ನೋಡಲೇ?
— ತಂದೆಯೊಬ್ಬರು, ಹುಬ್ಬಳ್ಳಿ

ಉತ್ತರ: ‘ಐ7’ ಎಂಬ ಹೆಸರಿನ ಮುಂದಿನ ಸಂಖ್ಯೆ ಏನೆಂದು ಕೇಳಿ. ಇಂತಹ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಐ7-2600 ಅಥವಾ ಐ7-3770, ಅಂದರೆ 2011–12ರ ಪ್ರೊಸೆಸರ್‌ಗಳು. ಬೋರ್ಡ್ ಹೊಸದಾಗಿ ಜೋಡಿಸಿದ್ದಾದರೂ ಅದರ ಎಚ್61 ಚಿಪ್‌ಸೆಟ್ ಕೂಡ 2011ರದೇ. ಅದರ ಸಾಟಾ (ಡಿಸ್ಕ್ ಜೋಡಿಸುವ ಸಂಪರ್ಕ) ಹಳೆಯ 3 ಗಿಗಾಬಿಟ್ ವೇಗದ್ದು. ಈ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್2 ಎಂಬ ಸೂಚನಾ ಸಮೂಹವಿಲ್ಲದ ಕಾರಣ ಹೊಸ ಆಟಗಳಲ್ಲಿ ಕೆಲವು ತೆರೆಯುವುದೇ ಇಲ್ಲ. ಮೈಕ್ರೋಸಾಫ್ಟ್ ಇವನ್ನು ವಿಂಡೋಸ್ 11ಕ್ಕೆ ಒಪ್ಪುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳನ್ನು ಕೇಳುವ ವ್ಯಾಲೊರಂಟ್‌ನಂತಹ ಆಟವನ್ನು ನಿಮ್ಮ ಮಗ ಆಡುವವನಾದರೆ ಈ ಸೆಟ್ ಅವನಿಗೆ ಒದಗುವುದಿಲ್ಲ. ಇದನ್ನು ಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಬಿ450 ಅಥವಾ ಎ520 ಬೋರ್ಡ್ ಇದಕ್ಕಿಂತ ಎಷ್ಟೋ ಮೇಲು. ಇಂತಹ ಎಎಂ4 (ಎಎಂಡಿಯ ಸಾಕೆಟ್ ಬಗೆ) ಬೋರ್ಡ್‌ಗಳಲ್ಲಿ ಪಿನ್‌ಗಳು ಪ್ರೊಸೆಸರಿನಲ್ಲಿರುವುದರಿಂದ ಬೋರ್ಡಿನ ಸಾಕೆಟ್ ಹಾಳಾಗಿರುವ ಸಾಧ್ಯತೆ ಕಡಿಮೆ. ಇಂಟೆಲ್ ಬೋರ್ಡ್‌ಗಳಲ್ಲಿ ಪಿನ್‌ಗಳು ಸಾಕೆಟ್‌ನಲ್ಲೇ ಇರುವುದರಿಂದ ಟಾರ್ಚ್ ಹಿಡಿದು ಒಂದೂ ಬಾಗಿಲ್ಲವೆಂದು ನೋಡಿಯೇ ತೆಗೆದುಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮ ಊರಿನಲ್ಲಾಗಲಿ, ಮಾರುವವರ ಎದುರಿಗೇ ಬೋರ್ಡನ್ನು ಚಾಲೂ ಮಾಡಿಸಿ, ಎಲ್ಲ ರ್‍ಯಾಮ್ ಸ್ಲಾಟ್‌ಗಳಲ್ಲೂ ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಬರುತ್ತದೆಯೇ, ಎಂ.2 ಸ್ಲಾಟ್ ಡಿಸ್ಕನ್ನು ಗುರುತಿಸುತ್ತದೆಯೇ ಎಂದು ನೋಡಿ. ವಿಆರ್‌ಎಂ ಸುತ್ತ ಬೋರ್ಡಿನ ಬಣ್ಣ ಕಂದು ತಿರುಗಿದ್ದರೆ ಆ ಬೋರ್ಡ್ ಬಹುಕಾಲ ವಿಪರೀತ ಕಾದಿದೆ. ಅದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ. ಬಿಲ್ ಮತ್ತು ಉಳಿದಿರುವ ವಾರಂಟಿ ಇದ್ದರೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಹಲವು ಕಂಪನಿಗಳ ವಾರಂಟಿ ಬೋರ್ಡಿನ ಸೀರಿಯಲ್ ಸಂಖ್ಯೆಯ ಮೇಲೆ ನಡೆಯುತ್ತದೆ; ಆ ಸಂಖ್ಯೆಯ ಚೀಟಿ ಹರಿಯದೆ ಇದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ನೋಡಿಕೊಳ್ಳಿ.